ಕಾಡು ನಮ್ಮದು, ರಕ್ತ ನಮ್ಮದು, ದುಡ್ಡು ಅವರದು: ಕೀರ್ದಿ ಪುಸ್ತಕ ಯಾರದ್ದು?

ಪಾಲುದಾರಿಕೆಯಲ್ಲಿ ವ್ಯಾಪಾರ ಮಾಡಿದವರಿಗೆ ಈ ಮಾತು ಹೇಳಿಕೊಡಬೇಕಾಗಿಲ್ಲ. ಬಂಡವಾಳ ಹಾಕಿದವನು ಸಂಜೆ ಬಂದು ಕೀರ್ದಿ ಕೇಳಿಯೇ ಕೇಳುತ್ತಾನೆ. ಕೇಳದೆ ಸುಮ್ಮನಿದ್ದರೆ ಅನುಮಾನ ಪಡಬೇಕು. ಅವನಿಗೆ ಬೇಕಾದ ಲಾಭ ಗಲ್ಲಾಪೆಟ್ಟಿಗೆಯಲ್ಲಿಲ್ಲ, ಬೇರೆಲ್ಲೋ ಇದೆ ಅಂತ ಅರ್ಥ. ಗಾಂಧಿ ಬಜಾರಿನ ಅಂಗಡಿಗೆ ಸಲ್ಲುವ ಈ ಮಾತು ವಿಜ್ಞಾನದ ಅಂಗಡಿಗೂ ಸಲ್ಲುತ್ತದೆ.

ವಿಶ್ವವಿದ್ಯಾಲಯ, ಸಂಶೋಧನಾಲಯ ಅಂದರೆ ಪುಸ್ತಕ, ಪದವಿ, ಘಟಿಕೋತ್ಸವದ ಗೌನು ಅಂತ ತಿಳಿದವರೇ ಹೆಚ್ಚು. ಅಲ್ಲಿಯ ಕೆಲಸಕ್ಕೂ ಕಾಸು ಬೇಕು ಸ್ವಾಮಿ. ಆ ಕಾಸು ಸಾಗರದಾಚೆಯಿಂದ ಬಂದರೆ? ನಮ್ಮ ತಾಲೂಕು ಸಾಗರವಲ್ಲ, ನಿಜವಾದ ಸಾಗರದ ಆಚೆಯಿಂದ! ಅದರಲ್ಲೂ ಆ ದೇಶದ ಸೈನ್ಯದ ಖಜಾನೆಯಿಂದಲೇ ಬಂದರೆ? ತೆಗೆದುಕೊಳ್ಳಬೇಕೋ, ಬಾಗಿಲಲ್ಲೇ ನಿಲ್ಲಿಸಬೇಕೋ?

ಇದು ದಿಲ್ಲಿಯವರ ತಲೆನೋವು, ನಮಗ್ಯಾಕೆ ಅನ್ನಬೇಡಿ. ಈ ಕಥೆಯ ಒಂದು ಮುಖ್ಯ ಅಧ್ಯಾಯ ಶುರುವಾದದ್ದು ನಮ್ಮ ಜಿಲ್ಲೆಯಲ್ಲೇ, ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ.

ಮಂಗ ಸತ್ತಿತು, ಜಗತ್ತು ಬೆಚ್ಚಿತು

1957ನೇ ಇಸವಿ. ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತು ಬಿದ್ದವು. ಸೊಪ್ಪು ಸೌದೆಗೆ ಕಾಡಿಗೆ ಹೋದವರು ಜ್ವರ ಹಿಡಿದು ಮಲಗಿದರು, ಕೆಲವರು ಮೇಲೇಳಲೇ ಇಲ್ಲ. ಸುದ್ದಿ ಕೇಳಿ ಹೊರದೇಶದ ವೈದ್ಯರೂ ಎದ್ದು ಕೂತರು. ಯಾಕೆಂದರೆ ಮಂಗವೂ ಸಾಯುವ, ಮನುಷ್ಯನೂ ಸಾಯುವ ಜ್ವರ ಅಂದರೆ ಅವರಿಗೆ ನೆನಪಾಗುವುದು ಹಳದಿ ಜ್ವರ. ಆಫ್ರಿಕಾ, ದಕ್ಷಿಣ ಅಮೆರಿಕದಲ್ಲಿರುವ ಆ ಮಹಾಮಾರಿ ಏಷ್ಯಾಕ್ಕೆ ಕಾಲಿಟ್ಟಿರಲಿಲ್ಲ. ಈಗ ಬಂತೇ ಅನ್ನುವುದು ಎಲ್ಲರ ದಿಗಿಲು.

ಪುಣೆಯಲ್ಲಿ ಆಗ ವೈರಸ್ ಸಂಶೋಧನಾ ಕೇಂದ್ರ ಅಂತ ಒಂದಿತ್ತು. 1952ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಮತ್ತು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನ ಸೇರಿ ಕಟ್ಟಿದ ಸಂಸ್ಥೆ. ಅಲ್ಲಿಂದ ನಮ್ಮವರೂ ಅಮೆರಿಕದವರೂ ಕೂಡಿ ಬಂದರು. ಸಾಗರದಲ್ಲಿ ಠಾಣೆ ಹೂಡಿದರು. ಸತ್ತ ಮಂಗ ಕೊಯ್ದರು, ಉಣುಗು ಆರಿಸಿದರು, ಜನರ ರಕ್ತ ತೆಗೆದರು. ಹಳದಿ ಜ್ವರ ಅಲ್ಲ ಅಂತ ಗೊತ್ತಾಯಿತು. ಅದುವರೆಗೆ ಯಾರೂ ಕಾಣದ ಹೊಸ ವೈರಸ್ಸು, ಉಣುಗಿನಿಂದ ಹರಡುವಂಥದ್ದು. ಅದಕ್ಕೆ ನಮ್ಮ ಕಾಡಿನ ಹೆಸರನ್ನೇ ಇಟ್ಟರು. ನಾವು ಮಂಗನ ಕಾಯಿಲೆ ಅಂದೆವು.

ಇಲ್ಲಿಯವರೆಗೆ ತಕರಾರಿಲ್ಲ. ಆ ಪರದೇಶಿ ದುಡ್ಡು, ಆ ಪ್ರಯೋಗಾಲಯ ಇಲ್ಲದಿದ್ದರೆ ಏನು ಕಾಯಿಲೆ ಅಂತ ಗೊತ್ತಾಗಲು ಇನ್ನೆಷ್ಟು ವರ್ಷ ಹಿಡಿಯುತ್ತಿತ್ತೋ. ಉಂಡ ಮನೆಯ ಜಂತೆ ಎಣಿಸಬಾರದು. ಆ ಪುಣೆಯ ಕೇಂದ್ರವೇ 1978ರಲ್ಲಿ ರಾಷ್ಟ್ರೀಯ ವೈರಾಣು ಸಂಸ್ಥೆ ಆಯಿತು. ಕೊರೋನಾ ಕಾಲದಲ್ಲಿ ನಾವೆಲ್ಲ ಅದರ ಹೆಸರು ಕೇಳಿದವರೇ.

ತಕರಾರು ಶುರುವಾದದ್ದು ಹಕ್ಕಿಗಳ ವಿಷಯದಲ್ಲಿ.

ಹಕ್ಕಿ ಕಾಲಿಗೆ ಉಂಗುರ

ಕ್ಯಾಸನೂರಿನ ವೈರಸ್ಸಿಗೆ ಹತ್ತಿರದ ಬಳಗ ಇದ್ದದ್ದು ಎಲ್ಲಿ ಗೊತ್ತೆ? ರಷ್ಯಾದ ಸೈಬೀರಿಯಾದಲ್ಲಿ. ಅಲ್ಲೆಲ್ಲಿಯ ಸೈಬೀರಿಯಾ, ಇಲ್ಲೆಲ್ಲಿಯ ಸೊರಬ! ಚಳಿಗಾಲಕ್ಕೆ ಅಲ್ಲಿಂದ ಇಲ್ಲಿಗೆ ಹಾರಿ ಬರುವ ಹಕ್ಕಿಗಳೇ ಮೈಮೇಲೆ ಉಣುಗು ಹೊತ್ತು ತಂದಿರಬಹುದೇ ಅಂತ ಗುಮಾನಿ ಎದ್ದಿತು. ವಿಶ್ವ ಆರೋಗ್ಯ ಸಂಸ್ಥೆ ದುಡ್ಡು ಕೊಟ್ಟಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಡಾ. ಸಲೀಂ ಅಲಿಯವರ ಮುಂದಾಳತ್ವದಲ್ಲಿ ಹಕ್ಕಿ ಹಿಡಿದು ಕಾಲಿಗೆ ಉಂಗುರ ತೊಡಿಸಿ ಬಿಡಲು ಶುರು ಮಾಡಿದರು.

ಮುಂದೆ 1960ರ ದಶಕದಲ್ಲಿ ಇದಕ್ಕೆ ಇನ್ನೊಂದು ಕೈ ಸೇರಿತು. ವಲಸೆ ಪ್ರಾಣಿಗಳ ರೋಗ ಸಮೀಕ್ಷೆ ಅನ್ನುವ ದೊಡ್ಡ ಯೋಜನೆ. ಏಷ್ಯಾದ ಹಲವು ದೇಶಗಳಲ್ಲಿ ಹಕ್ಕಿ ಹಿಡಿಯುವ ಕೆಲಸ. ಮುಖ್ಯಸ್ಥರು ಡಾ. ಎಲಿಯಟ್ ಮೆಕ್‌ಕ್ಲೂರ್. ದುಡ್ಡು ಅಮೆರಿಕದ ಸೈನ್ಯದ್ದು.

ಸೈನ್ಯಕ್ಕೆ ಹಕ್ಕಿ ಯಾಕೆ ಬೇಕು ಅಂತ ಕೇಳಿದರೆ ಎರಡು ಉತ್ತರ. ಏಷ್ಯಾದಲ್ಲಿರುವ ಅಮೆರಿಕದ ಸಿಪಾಯಿಗಳಿಗೆ ಯಾವ ರೋಗ ಬಂದೀತು ಅಂತ ತಿಳಿಯುವುದಕ್ಕೆ ಅನ್ನುವುದು ಒಂದು. ಅದು ಸುಳ್ಳಲ್ಲ. ಇನ್ನೊಂದು ಉತ್ತರ ಯಾರೂ ಬಾಯಿಬಿಟ್ಟು ಹೇಳದ್ದು. ರಷ್ಯಾದಿಂದ ಹೊರಟ ಹಕ್ಕಿ ಎಲ್ಲಿ ಇಳಿಯುತ್ತದೆ, ಯಾವ ರೋಗಾಣು ಹೊರಬಲ್ಲದು ಅನ್ನುವುದು ವೈದ್ಯನಿಗೆ ರೋಗ ತಡೆಯುವ ತಿಳಿವಳಿಕೆ. ರೋಗವನ್ನೇ ಆಯುಧ ಮಾಡುವವನಿಗೆ ಅದೇ ದಾರಿಯ ನಕ್ಷೆ. ಅಮೆರಿಕವು ರೋಗಾಣು ಅಸ್ತ್ರಗಳನ್ನು ಕೈಬಿಡುತ್ತೇವೆ ಅಂತ ಘೋಷಿಸಿದ್ದು 1969ರ ನವೆಂಬರಿನಲ್ಲಿ, ಅಧ್ಯಕ್ಷ ನಿಕ್ಸನ್ ಕಾಲದಲ್ಲಿ. ಅಂದರೆ ಅಲ್ಲಿಯವರೆಗೆ ಆ ಅಡಿಗೆಮನೆಯಲ್ಲಿ ಒಲೆ ಉರಿಯುತ್ತಿತ್ತು ಅಂತಾಯಿತಲ್ಲ! ಅನುಮಾನ ಪಟ್ಟವರಿಗೆ ಹುಚ್ಚು ಹಿಡಿದಿರಲಿಲ್ಲ.

ಹಕ್ಕಿಗಳೇ ಕಾಯಿಲೆ ತಂದವು ಅಂತ ಸಾಬೀತಾಗಲಿಲ್ಲ. ಉಂಗುರ ತೊಡಿಸಿದ್ದರಿಂದ ನಮ್ಮ ಕೆರೆಗಳಿಗೆ ಬರುವ ಬಾತುಗಳು ಎಲ್ಲಿಂದ ಬರುತ್ತವೆ ಅಂತ ಗೊತ್ತಾಯಿತು. ಆ ತಿಳಿವಳಿಕೆ ಇವತ್ತಿಗೂ ಬಾಳುತ್ತದೆ.

ಆ ವರ್ಷಗಳಲ್ಲಿ ಅನುಮಾನಕ್ಕೆ ಬೇರೆ ಕಾರಣಗಳೂ ಇದ್ದವು. ವಿದ್ವಾಂಸರಿಗೆ, ಸಂಶೋಧನೆಗೆ ಹಣ ಹಂಚುತ್ತಿದ್ದ ಏಷ್ಯಾ ಫೌಂಡೇಶನ್ನಿನ ಹಿಂದೆ ಸಿಐಎ ದುಡ್ಡಿದೆ ಅಂತ 1967ರಲ್ಲಿ ಬಯಲಾಯಿತು. ಮರುವರ್ಷ ಸರ್ಕಾರ ಇಲ್ಲಿಯ ಅದರ ಕಚೇರಿ ಮುಚ್ಚಿಸಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಹಿಮಾಲಯದ ಗಡಿ ಸೀಮೆಗಳ ಅಧ್ಯಯನಕ್ಕೆ ಹೊರಟಾಗ ಅದಕ್ಕೂ ಅಮೆರಿಕದ ರಕ್ಷಣಾ ಇಲಾಖೆಯ ಹಣ ಅಂತ 1968ರಲ್ಲಿ ಗಲಾಟೆಯಾಗಿ ಯೋಜನೆ ನಿಂತಿತು. ಪ್ರೊಫೆಸರ ಬಂದ ಅಂದರೆ ಅವನ ಹಿಂದೆ ಯಾರು ಬಂದ ಅಂತ ನೋಡುವ ಕಾಲ.

ರೇಷನ್ ಗೋಧಿಯ ದುಡ್ಡು

ಈಗ ಹಿರಿಯ ಅಂಗಡಿಯವರಿಗೆ ನೆನಪಿರುವ ಒಂದು ಹೆಸರು: ಪಿಎಲ್ 480. ಬರಗಾಲದ ಅರವತ್ತರ ದಶಕದಲ್ಲಿ ರೇಷನ್ ಅಂಗಡಿ ಮುಂದೆ ಚೀಲ ಹಿಡಿದು ನಿಂತವರಿಗೆ ಸಿಕ್ಕಿದ ಅಮೆರಿಕದ ಗೋಧಿ. ಅದು ಪುಕ್ಕಟೆ ಅಂತ ಬಹಳ ಜನ ತಿಳಿದಿದ್ದರು. ಪುಕ್ಕಟೆಯಲ್ಲ. ನಮ್ಮ ಹತ್ತಿರ ಡಾಲರ್ ಇಲ್ಲದ ಕಾರಣ ರೂಪಾಯಿಯಲ್ಲಿ ಕೊಡಿ ಅಂದರು. ಆ ರೂಪಾಯಿ ಅಮೆರಿಕ ಸರ್ಕಾರದ ಲೆಕ್ಕದಲ್ಲಿ ಇಲ್ಲೇ ಗುಡ್ಡೆ ಬಿತ್ತು. ಎಷ್ಟು ಗುಡ್ಡೆ ಅಂದರೆ 1974ರ ಫೆಬ್ರವರಿಯಲ್ಲಿ ಅವರ ರಾಯಭಾರಿ ಮೊಯ್ನಿಹಾನ್ 1664 ಕೋಟಿ ರೂಪಾಯಿಯ ಚೆಕ್ಕು ಬರೆದು ನಮ್ಮ ಸರ್ಕಾರಕ್ಕೆ ವಾಪಸು ಬಿಟ್ಟುಕೊಟ್ಟರು.

ಅದಕ್ಕೆ ಮೊದಲು ಆ ಗುಡ್ಡೆಯಿಂದ ಒಂದು ಪಾಲು ಇಲ್ಲಿಯ ಸಂಶೋಧನೆಗೆ ಹೋಗುತ್ತಿತ್ತು. ನಾವು ತಿಂದ ಚಪಾತಿಯ ದುಡ್ಡೇ ಸುತ್ತಿ ಬಳಸಿ ಸೊಳ್ಳೆ ಸಾಕಲು ಹೋಯಿತು ಅಂದರೆ ನಂಬುತ್ತೀರಾ? ಹೋಯಿತು.

ದಿಲ್ಲಿಯ ಸೊಳ್ಳೆ ಕಾರ್ಖಾನೆ

1970ರ ಹೊತ್ತಿಗೆ ದಿಲ್ಲಿಯಲ್ಲಿ ಒಂದು ಸೊಳ್ಳೆ ಘಟಕ ಶುರುವಾಯಿತು. ವಂಶಗುಣ ಬದಲಿಸಿ ಸೊಳ್ಳೆ ನಿಯಂತ್ರಿಸುವ ಘಟಕ ಅಂತ ಅದರ ಹೆಸರು. ನಡೆಸುವವರು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಐಸಿಎಂಆರ್. ದುಡ್ಡು ಅಮೆರಿಕದ ಪಿಎಲ್ 480 ರೂಪಾಯಿ. ಉಪಾಯ ಚೆನ್ನಾಗಿಯೇ ಇತ್ತು. ಕಚ್ಚುವುದು ಹೆಣ್ಣು ಸೊಳ್ಳೆ ಮಾತ್ರ. ಗಂಡು ಸೊಳ್ಳೆಗಳನ್ನು ಲಕ್ಷಗಟ್ಟಲೆ ಸಾಕಿ, ಬಂಜೆ ಮಾಡಿ, ಹಳ್ಳಿಗಳಲ್ಲಿ ಬಿಟ್ಟರೆ ಅವು ಕೂಡಿದ ಹೆಣ್ಣಿನ ಮೊಟ್ಟೆ ಒಡೆಯುವುದಿಲ್ಲ. ಸಂತತಿ ಇಳಿಯುತ್ತದೆ. ಡಿಡಿಟಿ ಬೇಡ, ಹೊಗೆ ಬೇಡ.

ಆದರೆ ಬಂಜೆ ಮಾಡಲು ಬಳಸಿದ ಥಯೋಟೆಪಾ ಅನ್ನುವ ರಾಸಾಯನಿಕ ಕ್ಯಾನ್ಸರ್ ತರಬಲ್ಲದ್ದು. ಅದು ಹಳ್ಳಿಯ ಬಾವಿ ನೀರಿಗೆ ಸೇರಿದರೆ ಗತಿಯೇನು ಅಂತ ಮೊದಲ ಕೂಗು ಎದ್ದಿತು. ಎರಡನೆಯ ಕೂಗು ಇನ್ನೂ ಜೋರು. ಆರಿಸಿಕೊಂಡ ಸೊಳ್ಳೆಗಳಲ್ಲಿ ಒಂದು ಈಡಿಸ್ ಈಜಿಪ್ಟೈ. ಇವತ್ತು ಡೆಂಗಿ ಸೊಳ್ಳೆ ಅಂತ ಎಲ್ಲರೂ ಬಲ್ಲರು. ಅದೇ ಹಳದಿ ಜ್ವರ ಹೊರುವ ಸೊಳ್ಳೆ. ಭಾರತದಲ್ಲಿ ಹಳದಿ ಜ್ವರ ಇಲ್ಲವೇ ಇಲ್ಲ. ದೇಶವನ್ನು ತಿನ್ನುತ್ತಿದ್ದದ್ದು ಮಲೇರಿಯಾ. 1976ರಲ್ಲಿ ಅದು 64 ಲಕ್ಷಕ್ಕೂ ಹೆಚ್ಚು ಜನಕ್ಕೆ ಬಡಿಯಿತು. ಹಾಗಿರುವಾಗ ಮಲೇರಿಯಾ ಸೊಳ್ಳೆಯನ್ನು ಹಿಂದಕ್ಕೆ ತಳ್ಳಿ ಇದಕ್ಕೆ ಇಷ್ಟು ಖರ್ಚು ಯಾಕೆ? ಯಾರ ಊರಿನ ಪ್ರಶ್ನೆಗೆ ಯಾರ ಊರಿನಲ್ಲಿ ಉತ್ತರ ಹುಡುಕುತ್ತಿದ್ದಾರೆ?

1974ರ ಜುಲೈನಲ್ಲಿ ಪಿಟಿಐ ಸುದ್ದಿಸಂಸ್ಥೆ ಇದನ್ನೆಲ್ಲ ಬರೆದು ಬಿಸಾಕಿತು. ಪಾರ್ಲಿಮೆಂಟಿನಲ್ಲಿ ಕೋಲಾಹಲ. ಜ್ಯೋತಿರ್ಮಯ ಬಸು ಅಧ್ಯಕ್ಷರಾಗಿದ್ದ ಸಾರ್ವಜನಿಕ ಲೆಕ್ಕಪತ್ರ ಸಮಿತಿ ವಿಚಾರಣೆಗೆ ಕೂತಿತು. ಸೊಳ್ಳೆ ಘಟಕವೊಂದೇ ಅಲ್ಲ, ಹಕ್ಕಿಗಳ ಸಮೀಕ್ಷೆಯೂ ಅದರ ಕಟಕಟೆಗೆ ಬಂತು. 1975ರ ಏಪ್ರಿಲ್ ಕೊನೆಯಲ್ಲಿ ಅದರ 167ನೇ ವರದಿ ಹೊರಬಿತ್ತು. ಅದರ ಸಾರಾಂಶ ಇಷ್ಟು: ಇಂಥ ಯೋಜನೆಗಳಿಂದ ನಮಗಾದ ಲಾಭಕ್ಕಿಂತ ಹೊರಗಿನವರಿಗಾದ ಲಾಭ ಹೆಚ್ಚು, ಒಪ್ಪಿಗೆ ಕೊಟ್ಟ ನಮ್ಮ ಇಲಾಖೆಗಳು ಕಣ್ಣು ತೆರೆದು ನೋಡಲಿಲ್ಲ. ಹರಿಯಾಣದ ಸೋನೆಪತ್ ಊರಿನಲ್ಲಿ ಈಡಿಸ್ ಸೊಳ್ಳೆ ಬಿಡುವ ದೊಡ್ಡ ಪ್ರಯೋಗ ಸಿದ್ಧವಾಗಿತ್ತು, ಅದು ನಿಂತಿತು. ಅದೇ ವರ್ಷ ಘಟಕಕ್ಕೂ ಬೀಗ ಬಿತ್ತು.

ನಮ್ಮ ಫಲಿತಾಂಶಗಳೆಲ್ಲ ಬಹಿರಂಗ, ಯಾರು ಬೇಕಾದರೂ ಓದಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ವಾದಿಸಿತು. ರೋಗಾಣು ಯುದ್ಧದ ತಯಾರಿ ನಡೆದಿತ್ತು ಅನ್ನುವುದಕ್ಕೆ ನೇರ ಪುರಾವೆ ಸಿಗಲಿಲ್ಲ, ನಿಜ. ಆದರೆ ಬಾಯಿ ಬಿಟ್ಟು ಮೊದಲೇ ಹೇಳಬೇಕಾದವರು ಹೇಳಲಿಲ್ಲ ಅನ್ನುವುದೂ ಅಷ್ಟೇ ನಿಜ. ದುಡ್ಡು ಯಾರದ್ದು, ಈ ಸೊಳ್ಳೆಯೇ ಯಾಕೆ, ಬಾವಿಗೆ ಏನು ಸೇರುತ್ತದೆ. ಈ ಮೂರು ಮಾತನ್ನು ಮೊದಲ ದಿನವೇ ಹಳ್ಳಿಯ ಕಟ್ಟೆಯಲ್ಲಿ ಕೂತು ಹೇಳಿದ್ದರೆ ಇಷ್ಟು ರಂಪ ಆಗುತ್ತಿರಲಿಲ್ಲ.

ಅಳೆದು ನೋಡಿದರೆ

ಬೀಗ ಹಾಕಿದ್ದರಿಂದ ಗೆದ್ದೆವೋ ಸೋತೆವೋ? ಎರಡೂ. ಅನುಮಾನದ ಕೆಲಸ ನಿಂತಿತು, ಅದು ಗೆಲುವು. ಡೆಂಗಿ ಸೊಳ್ಳೆಯ ಮೇಲೆ ನಮ್ಮ ಹುಡುಗರು ಕಲಿಯುತ್ತಿದ್ದ ವಿದ್ಯೆ ಅರ್ಧಕ್ಕೇ ನಿಂತಿತು, ಅದು ಸೋಲು. ಅದೇ 1975ರಲ್ಲಿ ಐಸಿಎಂಆರ್ ಪಾಂಡಿಚೇರಿಯಲ್ಲಿ ಸೊಳ್ಳೆ ಮುಂತಾದ ರೋಗವಾಹಕಗಳ ಸಂಶೋಧನೆಗೆ ತನ್ನದೇ ಕೇಂದ್ರ ತೆರೆಯಿತು. ಆ ಕೇಂದ್ರದವರು 2022ರಲ್ಲಿ ಡೆಂಗಿ ಹರಡದಂಥ ಈಡಿಸ್ ಸೊಳ್ಳೆ ತಳಿ ಬೆಳೆಸಿದ್ದೇವೆ ಅಂತ ಪ್ರಕಟಿಸಿದರು. ಅದಕ್ಕೆ ಬೇಕಾದ ವೊಲ್ಬಾಕಿಯಾ ಅನ್ನುವ ಬ್ಯಾಕ್ಟೀರಿಯಾ ಬಂದದ್ದು ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದಿಂದ. ಪರದೇಶದ ಸಹಾಯ ಅಲ್ಲೂ ಇದೆ ನೋಡಿ. ಆದರೆ ಸೊಳ್ಳೆ ಗೂಡಿನ ಬೀಗದಕೈ ನಮ್ಮ ಕೈಯಲ್ಲಿದೆ. ನಡುವೆ ಉರುಳಿದ್ದು 47 ವರ್ಷ. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತಲೇ ಘೋಷಿಸಬೇಕಾಯಿತು.

ಕಾನೂನು ಏನು ಮಾಡಿತು? ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ ಬಂತು. 2010ರಲ್ಲಿ ಅದನ್ನು ಹೊಸದಾಗಿ ಬರೆದರು. 2020ರ ತಿದ್ದುಪಡಿ ಇನ್ನೂ ಬಿಗಿ. ವಿದೇಶಿ ವಂತಿಗೆ ಮೊದಲು ದಿಲ್ಲಿಯ ಸ್ಟೇಟ್ ಬ್ಯಾಂಕಿನ ಒಂದೇ ಶಾಖೆಗೆ ಬಂದು ಬೀಳಬೇಕು, ಬಂದದ್ದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಆರೋಗ್ಯ ಸಂಶೋಧನೆಯಲ್ಲಿ ವಿದೇಶಿ ಸಹಯೋಗ ಇದ್ದರೆ ಐಸಿಎಂಆರ್ ಮೂಲಕ ಆರೋಗ್ಯ ಸಚಿವಾಲಯದ ಸಮಿತಿಯ ಮುಂದೆ ಹೋಗಬೇಕು. ಅಂಗಡಿಗೆ ಶಟರು ಹಾಕಿಸಿದ್ದಾಯಿತು. ಒಳಗೆ ಲೆಕ್ಕ ಸರಿ ಇದೆಯೋ ಅನ್ನುವುದು ಬೇರೆ ಮಾತು.

ಬಾವಲಿಯ ಬೆನ್ನು ಹತ್ತಿ

ಬೇರೆ ಮಾತು ಅನ್ನಲು ಕಾರಣವಿದೆ. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ, ಜಿಕೆವಿಕೆ ಆವರಣದಲ್ಲಿ, ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಇದೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಸೇರಿದ ಒಳ್ಳೆಯ ಹೆಸರಿನ ಸಂಸ್ಥೆ. ಅಲ್ಲಿಯ ವಿಜ್ಞಾನಿಗಳು ಸೇರಿದ ತಂಡ 2017ರಲ್ಲಿ ನಾಗಾಲ್ಯಾಂಡಿನ ಮಿಮಿ ಗ್ರಾಮದಲ್ಲಿ ಬಾವಲಿ ಬೇಟೆಗಾರರ ಅಧ್ಯಯನ ಮಾಡಿತು. 85 ಜನರ ರಕ್ತ, ಜೊತೆಗೆ ಬಾವಲಿಗಳ ಮಾದರಿ. ಎಬೋಲಾ ಬಳಗದ ವೈರಸ್ಸು ಸೋಕಿದ ಗುರುತು ಕೆಲವರ ರಕ್ತದಲ್ಲಿ ಕಂಡಿತು. 2019ರ ಅಕ್ಟೋಬರಿನಲ್ಲಿ ಲೇಖನ ಅಚ್ಚಾಯಿತು.

ಲೇಖನದ ಕೆಳಗೆ ಹೆಸರುಗಳಿದ್ದವು. ಸಿಂಗಪುರದವರು, ಅಮೆರಿಕದ ಸೇನಾ ವೈದ್ಯ ವಿಶ್ವವಿದ್ಯಾಲಯದವರು, ಚೀನಾದ ವುಹಾನ್ ವೈರಾಣು ಸಂಸ್ಥೆಯ ಇಬ್ಬರು. ಹಣದಲ್ಲಿ ಒಂದು ಪಾಲು ಅಮೆರಿಕದ ರಕ್ಷಣಾ ಇಲಾಖೆಯ ಬೆದರಿಕೆ ತಗ್ಗಿಸುವ ವಿಭಾಗದ್ದು. ನಾಲ್ಕು ತಿಂಗಳಲ್ಲಿ ವುಹಾನ್ ಹೆಸರು ಚಿಕ್ಕ ಮಕ್ಕಳ ಬಾಯಿಗೂ ಬಂತು. 2020ರ ಫೆಬ್ರವರಿಯಲ್ಲಿ ಪತ್ರಿಕೆಗಳು ಎತ್ತಿದವು, ಐಸಿಎಂಆರ್ ವಿಚಾರಣೆಗೆ ಇಳಿಯಿತು. ಮಾದರಿಗಳನ್ನು ಹೊರಗೆ ಕಳಿಸಿಲ್ಲ, ವುಹಾನಿನವರ ಜೊತೆ ನೇರ ಕೆಲಸ ಮಾಡಿಲ್ಲ, ಅವರಿಂದ ಸಿಂಗಪುರದವರಿಗೆ ಪರೀಕ್ಷೆಯ ಸಾಮಗ್ರಿ ಬಂದಿದ್ದರಿಂದ ಹೆಸರು ಸೇರಿದೆ ಅಂತ ಬೆಂಗಳೂರಿನ ಸಂಸ್ಥೆ ವಿವರಣೆ ಕೊಟ್ಟಿತು.

ಬಾವಲಿಯಿಂದ ಮನುಷ್ಯನಿಗೆ ಏನು ದಾಟುತ್ತದೆ ಅಂತ ತಿಳಿಯುವ ಕೆಲಸ ಬೇಡ ಅನ್ನಲು ಸಾಧ್ಯವೇ? ಕೇರಳದ ನಿಪಾ ನೋಡಿದವರು ಬೇಡ ಅನ್ನಲಾರರು. ಆದರೆ ಕ್ಯಾಸನೂರಿನ ಹಕ್ಕಿ, ದಿಲ್ಲಿಯ ಸೊಳ್ಳೆ, ಮಿಮಿಯ ಬಾವಲಿ, ಮೂರರಲ್ಲೂ ಪ್ರಶ್ನೆ ಒಂದೇ. ಕೆಲಸಕ್ಕೆ ಮೊದಲು ಹೇಳಬೇಕಾದದ್ದನ್ನು ಗಲಾಟೆಯಾದ ಮೇಲೆ ಹೇಳುವುದು ಯಾಕೆ?

ಅವರ ಮನೆಯಲ್ಲೂ ಅದೇ ರಾಗ

ದುಡ್ಡು ಕೊಟ್ಟು ಊರೂರು ಸುತ್ತಿದ ಅಮೆರಿಕಕ್ಕೆ ಈಗ ಅದೇ ಭಯ ಹಿಡಿದಿದೆ. ಎರಡೂವರೆ ಲಕ್ಷ ಡಾಲರಿಗೆ ಮೀರಿದ ವಿದೇಶಿ ಕೊಡುಗೆ ಬಂದರೆ ವಿಶ್ವವಿದ್ಯಾಲಯಗಳು ಸರ್ಕಾರಕ್ಕೆ ತಿಳಿಸಬೇಕು ಅನ್ನುವ ಕಾನೂನು ಅಲ್ಲಿ 1986ರಲ್ಲೇ ಬಂತು. ಹಾರ್ವರ್ಡ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದ ಚಾರ್ಲ್ಸ್ ಲೀಬರ್ ಚೀನಾದ ಹಣದ ವಿಷಯ ಮುಚ್ಚಿಟ್ಟು ಸುಳ್ಳು ಹೇಳಿದರು ಅಂತ 2021ರ ಡಿಸೆಂಬರಿನಲ್ಲಿ ತಪ್ಪಿತಸ್ಥರೆಂದು ತೀರ್ಮಾನವಾಯಿತು. ಗಮನಿಸಿ, ಸಿಕ್ಕಿಬಿದ್ದದ್ದು ಸುಳ್ಳು ಹೇಳಿದ್ದಕ್ಕೆ, ಬೇಹುಗಾರಿಕೆಗೆ ಅಲ್ಲ.

ಭಯ ಅತಿಯಾದರೆ ಏನಾಗುತ್ತದೆ ಅಂತಲೂ ಅಲ್ಲೇ ನೋಡಬಹುದು. ಎಂಐಟಿಯ ಪ್ರಾಧ್ಯಾಪಕ ಗ್ಯಾಂಗ್ ಚೆನ್ ಅವರನ್ನು 2021ರ ಜನವರಿಯಲ್ಲಿ ಬಂಧಿಸಿದರು. ಒಂದು ವರ್ಷದ ಮೇಲೆ ಕೇಸು ವಾಪಸು ಪಡೆದರು. ಟೆನ್ನೆಸಿ ವಿಶ್ವವಿದ್ಯಾಲಯದ ಆನ್‌ಮಿಂಗ್ ಹು ಖುಲಾಸೆಯಾದರು. ಮೀಸೆ ಮೂಡಿದವನೆಲ್ಲ ಕಳ್ಳ ಅಂತ ಹಿಡಿದರೆ ಹೀಗೇ. 2018ರಲ್ಲಿ ಶುರುವಾದ ಆ ಚೀನಾ ಬೇಟೆಯನ್ನು 2022ರಲ್ಲಿ ಸರ್ಕಾರವೇ ಕೈಬಿಟ್ಟಿತು.

ಹಾಗಾದರೆ ಮಾಡೋದೇನು?

ಸೈನ್ಯದ ದುಡ್ಡು ಅಂದ ಮಾತ್ರಕ್ಕೆ ವಿಷವಲ್ಲ. ಮಂಗನ ಕಾಯಿಲೆ ಸೀಮೆಯಲ್ಲಿ ಕಾಡಿಗೆ ಹೋಗುವವರ ಕೈಕಾಲಿಗೆ ಹಚ್ಚಿಕೊಳ್ಳಲು ಈಗ ಕೊಡುವ ಡೇಪಾ ಎಣ್ಣೆ ನಮ್ಮದೇ ರಕ್ಷಣಾ ಸಂಶೋಧನಾಲಯ ಗ್ವಾಲಿಯರಿನಲ್ಲಿ ಕಂಡುಹಿಡಿದದ್ದು. ಸಿಪಾಯಿಯನ್ನು ಕಾಯಲು ಹುಟ್ಟಿದ್ದು ಸೊರಬದ ಸೌದೆ ಹೊರುವ ಹೆಂಗಸನ್ನೂ ಕಾಯುತ್ತದೆ. ವ್ಯತ್ಯಾಸ ಏನೆಂದರೆ ಆ ಸಂಶೋಧನಾಲಯವನ್ನು ನಮ್ಮ ಎಂಪಿ ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಕೇಳಬಹುದು. ಪೆಂಟಗನ್ನನ್ನು ಕೇಳಲಾಗದು.

ಇನ್ನೊಂದು ಮಾತು ಕಹಿಯಾದರೂ ಹೇಳಬೇಕು. 2020-21ರ ಲೆಕ್ಕದ ಪ್ರಕಾರ ಭಾರತ ಸಂಶೋಧನೆಗೆ ಖರ್ಚು ಮಾಡಿದ್ದು ದೇಶದ ಒಟ್ಟು ಉತ್ಪನ್ನದ ನೂರು ರೂಪಾಯಿಯಲ್ಲಿ 64 ಪೈಸೆ. ಸ್ವಂತ ಬಂಡವಾಳ ಹಾಕದವನ ಅಂಗಡಿಗೆ ಪಾಲುದಾರ ಬಂದೇ ಬರುತ್ತಾನೆ. ಬಂದವನು ತನಗೆ ಬೇಕಾದ ಸರಕನ್ನೇ ಇಡಿಸುತ್ತಾನೆ. ಆಮೇಲೆ ದೇಶಭಕ್ತಿಯ ಭಾಷಣ ಮಾಡಿ ಫಲವೇನು?

ಮಂಗನ ಕಾಯಿಲೆಗೆ ಇದ್ದ ಹಳೆ ಲಸಿಕೆ ಸಾಲದು ಅಂತ 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಹೊಸ ಲಸಿಕೆಯ ಕೆಲಸಕ್ಕೆ ಐಸಿಎಂಆರ್ ಕೈಹಾಕಿದೆ. ಅಮೆರಿಕದವರು ತಮ್ಮ ಅಪಾಯಕಾರಿ ರೋಗಾಣುಗಳ ಪಟ್ಟಿಯಲ್ಲಿ ನಮ್ಮ ಕ್ಯಾಸನೂರಿನ ವೈರಸ್ಸನ್ನೂ ಸೇರಿಸಿಟ್ಟುಕೊಂಡಿದ್ದಾರೆ. ಅಂದರೆ ಈ ಕಾಯಿಲೆಯ ಮೇಲೆ ನಮ್ಮ ಕಣ್ಣಷ್ಟೇ ಅಲ್ಲ, ಬೇರೆಯವರ ಕಣ್ಣೂ ಇದೆ. ನಾಳೆಯೂ ಸೊರಬ, ಸಾಗರ, ತೀರ್ಥಹಳ್ಳಿಯ ಜನರ ಮನೆಬಾಗಿಲಿಗೆ ರಕ್ತ ಕೇಳಿಕೊಂಡು ಯಾರಾದರೂ ಬರುತ್ತಾರೆ. ಬರಲಿ. ಕೊಡೋಣ. ಕೊಡದೆ ಔಷಧ ಹುಟ್ಟುವುದಿಲ್ಲ.

ಆದರೆ ತೋಳು ಚಾಚುವ ಮೊದಲು ನಾಲ್ಕು ಮಾತು ಕೇಳಿ. ಇದು ಯಾರ ದುಡ್ಡು? ಈ ರಕ್ತ ಎಲ್ಲಿಗೆ ಹೋಗುತ್ತದೆ? ಇಲ್ಲಿಯ ಸರ್ಕಾರದ ಒಪ್ಪಿಗೆ ಚೀಟಿ ಎಲ್ಲಿ? ಫಲಿತಾಂಶ ಬಂದಾಗ ನಮಗೆ ಕನ್ನಡದಲ್ಲಿ ಹೇಳುವವರು ಯಾರು? ನಿಯತ್ತಿನ ವಿಜ್ಞಾನಿ ಇದಕ್ಕೆ ಸಿಟ್ಟಾಗುವುದಿಲ್ಲ, ಕೂತು ಉತ್ತರ ಹೇಳುತ್ತಾನೆ. ತಡವರಿಸಿದರೆ ಪಂಚಾಯಿತಿ ಕಚೇರಿಗೆ ನಡೆಯಿರಿ, ಆಸ್ಪತ್ರೆಯ ಡಾಕ್ಟರನ್ನು ಕರೆಯಿರಿ. ಉಂಡೂ ಹೋದ, ಕೊಂಡೂ ಹೋದ ಅಂತ ಆಮೇಲೆ ಹಲುಬುವುದಕ್ಕಿಂತ ಮೊದಲೇ ಕೇಳುವುದು ಮೇಲು, ಅಲ್ಲವೇ ಮಾರಾಯ್ರೆ?